ಕಡೂರು ಒಂದು ಕಡೆ, ಕಾರ್ಕಳ ಇನ್ನೊಂದು ಕಡೆ: ಇಲ್ಲವಾದ ಲೋಕಸಭಾ ಕ್ಷೇತ್ರದ ಮತದಾರನ ಬಹಿರಂಗ ಪತ್ರ

ಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಮುಂದೆ ಬರಲಿರುವ ಕ್ಷೇತ್ರ ಮರುವಿಂಗಡಣೆ ಆಯೋಗ

ವಿಷಯ: ಹಳೆಯ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರ ಮತ್ತು ಮುಂದಿನ ಗಡಿ ನಿಗದಿ ಬಗ್ಗೆ

ಮಾನ್ಯರೇ,

ನಿಮ್ಮ ಕೆಲಸ ಶುರುವಾಗುವ ಮುಂಚೆಯೇ ಈ ಪತ್ರ ಬರೆಯುತ್ತಿದ್ದೇನೆ. ಯಾಕೆಂದರೆ ಕಳೆದ ಸಲ ಕ್ಷೇತ್ರಗಳ ಗಡಿ ಬದಲಿಸಿದಾಗ ನಮಗೆ ವಿಷಯ ಗೊತ್ತಾಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಕರಡು ಪೇಪರಿನಲ್ಲಿ ಬಂದಿತ್ತು ಅಂತಾರೆ. ಬಂದಿರಬಹುದು. ನಮ್ಮಲ್ಲಿ ಅಡಿಕೆ ರೇಟು ನೋಡಿ, ತೀರಿಕೊಂಡವರ ಫೋಟೋ ನೋಡಿ, ಪೇಪರ್ ಮಡಚಿಡುವವರೇ ಜಾಸ್ತಿ. ನಾನೂ ಅವರಲ್ಲಿ ಒಬ್ಬ. ಹಾಗಾಗಿ ತಪ್ಪು ಪೂರ್ತಿ ಆಯೋಗದ್ದೇ ಅಂತ ಹೇಳುವುದಿಲ್ಲ. ಆದರೆ ಈ ಸಲ ಸುಮ್ನೆ ಕೂರಬಾರದು ಅನ್ನಿಸಿದೆ.

ನಾನು ಬಾಳೆಹೊನ್ನೂರು ಕಡೆಯವನು. ಶೃಂಗೇರಿ ವಿಧಾನಸಭಾ ಕ್ಷೇತ್ರದ ಮತದಾರ. ಅರ್ಧ ಎಕರೆ ಗದ್ದೆ, ಒಂದಿಷ್ಟು ಅಡಿಕೆ, ಒಂದಿಷ್ಟು ಕಾಫಿ. ವಯಸ್ಸು ಅರವತ್ತು ದಾಟಿದೆ. ನಾನು ಮೊದಲ ಸಲ ಓಟು ಹಾಕಿದ್ದು ಚಿಕ್ಕಮಗಳೂರು ಲೋಕಸಭಾ ಕ್ಷೇತ್ರಕ್ಕೆ. ಈಗ ಆ ಹೆಸರಿನ ಕ್ಷೇತ್ರ ಇಲ್ಲ. 2009ರಿಂದ ನಾವು 'ಉಡುಪಿ ಚಿಕ್ಕಮಗಳೂರು'. ರಾಜ್ಯದ ಪಟ್ಟಿಯಲ್ಲಿ 15ನೇ ಕ್ಷೇತ್ರ.

ಹಳೆಯ ಕ್ಷೇತ್ರದ ಕತೆ ಸ್ವಲ್ಪ ಹೇಳಬೇಕು. ನಿಮ್ಮ ಮೇಜಿಗೆ ಬರುವುದು ಜನಸಂಖ್ಯೆಯ ಪಟ್ಟಿ ಮತ್ತು ನಕ್ಷೆ. ಈ ಕತೆ ಅದರಲ್ಲಿ ಇರುವುದಿಲ್ಲ.

1952ರ ಮೊದಲ ಚುನಾವಣೆಯಲ್ಲಿ ನಾವು ಹಾಸನದ ಜೊತೆಗಿದ್ದೆವು. ಕ್ಷೇತ್ರದ ಹೆಸರೇ 'ಹಾಸನ ಚಿಕ್ಕಮಗಳೂರು'. ಆಮೇಲೆ ಎರಡು ಚುನಾವಣೆಗಳಲ್ಲಿ ನಮ್ಮ ಹೆಸರೇ ಕಾಣಲಿಲ್ಲ. 1967ರಲ್ಲಿ ಚಿಕ್ಕಮಗಳೂರು ತನ್ನದೇ ಹೆಸರಿನ ಕ್ಷೇತ್ರವಾಯಿತು. ಆ ವರ್ಷ ಗೆದ್ದವರು ಪ್ರಜಾ ಸೋಷಲಿಸ್ಟ್ ಪಕ್ಷದ ಹುಚ್ಚೇಗೌಡರು. 1971 ಮತ್ತು 1977ರಲ್ಲಿ ಡಿ.ಬಿ. ಚಂದ್ರೇಗೌಡರು. 1978ರಲ್ಲಿ ಅವರು ರಾಜೀನಾಮೆ ಕೊಟ್ಟರು. ಆಗ ನಮ್ಮ ಊರಿಗೆ ಬಂದವರು ಇಂದಿರಾ ಗಾಂಧಿ.

ಇದನ್ನು ಎಲ್ಲರೂ ಬರೆದಿದ್ದಾರೆ, ನಾನು ಹೊಸದೇನೂ ಹೇಳುವುದಿಲ್ಲ. ರಾಯ್ ಬರೇಲಿಯಲ್ಲಿ ಸೋತ ಮಾಜಿ ಪ್ರಧಾನಿ, ಎದುರಿಗೆ ಜನತಾ ಪಕ್ಷದಿಂದ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು. ಇಂದಿರಾ ಬೆನ್ನಿಗೆ ಮುಖ್ಯಮಂತ್ರಿ ದೇವರಾಜ ಅರಸು. ಆ ಕಡೆ ಪ್ರಚಾರಕ್ಕೆ ಕೇಂದ್ರ ಮಂತ್ರಿ ಜಾರ್ಜ್ ಫರ್ನಾಂಡಿಸ್. 'ಏಕ್ ಶೇರ್ನಿ ಸೌ ಲಂಗೂರ್' ಅಂತ ಹಿಂದಿ ಘೋಷಣೆ ಬೇರೆ. ನಮಗೆ ಹಿಂದಿ ಬರುತ್ತಿರಲಿಲ್ಲ. ಲಂಗೂರ್ ಅಂದರೆ ಮುಸಿಯ ಅಂತ ಯಾರೋ ಹೇಳಿದ ಮೇಲೆ ಹುಡುಗರೆಲ್ಲ ಮುಸಿಯದ ಹಾಗೆ ಕೂಗುತ್ತಾ ತಿರುಗಿದ್ದೆವು.

ನನಗಾಗ ಹದಿನೈದು ವರ್ಷ. ಸಂಜೆ ನಾಲ್ಕಕ್ಕೆ ಬರುತ್ತಾರೆ ಅಂದಿದ್ದರು. ಕತ್ತಲಾದರೂ ಪತ್ತೆ ಇಲ್ಲ. ರಸ್ತೆ ಬದಿಯ ದರೆಯ ಮೇಲೆ ಅಜ್ಜಿ ಕಂಬಳಿ ಹೊದ್ದು ಕೂತಿದ್ದಳು. ತೋಟದ ಕೆಲಸದವರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದರು. ಕೊನೆಗೆ ಸಾಲು ಕಾರುಗಳು ಬಂದವು. ಒಂದು ಕಾರಿನ ಒಳಗೆ ಮಾತ್ರ ದೀಪ ಉರಿಯುತ್ತಿತ್ತು. ಆ ಬೆಳಕಿನಲ್ಲಿ ಒಂದು ಮುಖ, ಎತ್ತಿದ ಒಂದು ಕೈ. ಅರ್ಧ ನಿಮಿಷ ಇರಬಹುದು ಅಷ್ಟೇ. ಅಜ್ಜಿ ಕೈ ಮುಗಿದಳು. ಗೇಣಿಗೆ ಮಾಡುತ್ತಿದ್ದ ಗದ್ದೆ ಅರಸು ಕಾಲದಲ್ಲಿ ನಮ್ಮ ಹೆಸರಿಗೆ ಬಂದಿತ್ತು, ಅದು ಅವಳ ಲೆಕ್ಕ. ಅಪ್ಪ ಮಾತ್ರ ಬರಲೇ ಇಲ್ಲ. ತುರ್ತು ಪರಿಸ್ಥಿತಿಯ ಸಿಟ್ಟು ಅವರಿಗೆ ಆರಿರಲಿಲ್ಲ, ಓಟು ಪಾಟೀಲರಿಗೆ ಅಂತ ಬಹಿರಂಗವಾಗಿಯೇ ಹೇಳಿದ್ದರು. ಒಂದು ವಾರ ಮನೆಯಲ್ಲಿ ತಾಯಿ ಮಗ ಮಾತಾಡಲಿಲ್ಲ.

ಇಂದಿರಾ 70 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ನವೆಂಬರಿನಲ್ಲಿ ಗೆದ್ದವರನ್ನು ಡಿಸೆಂಬರ್ 19ಕ್ಕೆ ಲೋಕಸಭೆಯಿಂದ ಹೊರಹಾಕಿದರು. ಹಕ್ಕುಚ್ಯುತಿ ಅಂತ ಕಾರಣ. ತಿಹಾರ್ ಜೈಲಿಗೂ ಕಳಿಸಿದರು. ನಮ್ಮ ಎಂ.ಪಿ. ನಮಗೆ ಎಂ.ಪಿ. ಆಗಿದ್ದು ಒಂದೂವರೆ ತಿಂಗಳೂ ಇಲ್ಲ. 1980ರಲ್ಲಿ ಅವರು ರಾಯ್ ಬರೇಲಿ ಮತ್ತು ಮೇದಕ್‌ನಲ್ಲಿ ನಿಂತರು. ನಾವು ಡಿ.ಎಂ. ಪುಟ್ಟೇಗೌಡರನ್ನು ಗೆಲ್ಲಿಸಿದೆವು. ಆಮೇಲೆ ತಾರಾದೇವಿ, ಮತ್ತೆ ಪುಟ್ಟೇಗೌಡರು, ಮತ್ತೆ ತಾರಾದೇವಿ. 1996ರಲ್ಲಿ ಬಿ.ಎಲ್. ಶಂಕರ್. 1998ರಿಂದ ಮೂರು ಸಲ ಡಿ.ಸಿ. ಶ್ರೀಕಂಠಪ್ಪ. 2004ರದ್ದೇ ಕೊನೆ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನಮ್ಮ ಹಳೆಯ ಕ್ಷೇತ್ರವೂ ಪೂರ್ತಿ ಘಟ್ಟದ ಮೇಲಿನದಾಗಿರಲಿಲ್ಲ. ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಆರು ನಮ್ಮ ಜಿಲ್ಲೆಯವು: ಚಿಕ್ಕಮಗಳೂರು, ಮೂಡಿಗೆರೆ, ಶೃಂಗೇರಿ, ಕಡೂರು, ಬೀರೂರು, ತರೀಕೆರೆ. ಉಳಿದ ಎರಡು ಘಟ್ಟದ ಕೆಳಗಿನ ಕಾರ್ಕಳ ಮತ್ತು ಬೆಳ್ತಂಗಡಿ. ಆಗ ಅನಾನುಕೂಲ ಅನುಭವಿಸಿದವರು ಕಾರ್ಕಳ, ಬೆಳ್ತಂಗಡಿಯವರು. ಅವರ ಗೋಳನ್ನು ನಾವು ಕೇಳಿದ್ದೇವಾ? ಇಲ್ಲ. ಈಗ ನಮ್ಮ ಸರದಿ ಬಂದಾಗ ಬುದ್ಧಿ ಬಂದಿದೆ. ಘಟ್ಟದ ಕೆಳಗಿನವರ ಮೇಲೆ ನನಗೆ ಯಾವ ತಕರಾರೂ ಇಲ್ಲ. ನನ್ನ ಮಗಳನ್ನು ಕೊಟ್ಟಿರುವುದೇ ಕಾರ್ಕಳ ಕಡೆಗೆ.

ಇನ್ನು 2008ಕ್ಕೆ ಬರೋಣ. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಆಯೋಗ 2001ರ ಜನಗಣತಿ ಇಟ್ಟುಕೊಂಡು ಗೆರೆ ಎಳೆಯಿತು. 2008ರ ಫೆಬ್ರವರಿಯಲ್ಲಿ ಆದೇಶ ಜಾರಿಗೆ ಬಂತು. ಹೊಸ ಗಡಿಯಲ್ಲಿ ಚುನಾವಣೆ ನಡೆಸಿದ ಮೊದಲ ರಾಜ್ಯ ನಮ್ಮದೇ, ಅದೇ ವರ್ಷ ಮೇ ತಿಂಗಳಲ್ಲಿ. ನಮ್ಮ ಜಿಲ್ಲೆಗೆ ಏನಾಯಿತು? ಬೀರೂರು ವಿಧಾನಸಭಾ ಕ್ಷೇತ್ರ ಹೋಯಿತು. ಆರು ಐದಾಯಿತು. ಆ ಐದರಲ್ಲಿ ಕಡೂರನ್ನು ಹಾಸನ ಲೋಕಸಭೆಗೆ ಸೇರಿಸಿದರು. ಉಳಿದ ನಾಲ್ಕಕ್ಕೆ ಉಡುಪಿ ಜಿಲ್ಲೆಯ ನಾಲ್ಕು ಜೋಡಿಸಿದರು: ಕುಂದಾಪುರ, ಉಡುಪಿ, ಕಾಪು, ಕಾರ್ಕಳ. ಉಡುಪಿಯವರಿಗೂ ಸುಖ ಇಲ್ಲ. ಅವರ ಬ್ರಹ್ಮಾವರ ಕ್ಷೇತ್ರ ಅಳಿಯಿತು, ಬೈಂದೂರು ಶಿವಮೊಗ್ಗ ಲೋಕಸಭೆಗೆ ಹೋಯಿತು. ಅಂದರೆ ಕೊಲ್ಲೂರಿನ ಮತದಾರನಿಗೆ ಜಿಲ್ಲಾಧಿಕಾರಿ ಉಡುಪಿಯಲ್ಲಿ, ಎಂ.ಪಿ. ಶಿವಮೊಗ್ಗದವರು.

ಕಡೂರಿನ ವಿಷಯ ನನಗೆ ಇನ್ನೂ ಜೀರ್ಣವಾಗಿಲ್ಲ. 1947ರವರೆಗೂ ನಮ್ಮ ಜಿಲ್ಲೆಯ ಹೆಸರೇ ಕಡೂರು ಜಿಲ್ಲೆ. ಹಳೇ ಪಹಣಿ, ಕ್ರಯಪತ್ರ ತೆಗೆದರೆ ಈಗಲೂ 'ಕಡೂರು ಡಿಸ್ಟ್ರಿಕ್ಟ್' ಅಂತಲೇ ಇರುತ್ತದೆ. ನಮ್ಮ ಜಿಲ್ಲಾ ಕೇಂದ್ರಕ್ಕೆ ರೈಲು ಬಂದದ್ದು 2013ರಲ್ಲಿ, ಅದೂ ಕಡೂರಿನಿಂದಲೇ. ಜಿಲ್ಲೆಗೆ ಹೆಸರು ಕೊಟ್ಟ ಊರು, ರೈಲು ಕೊಟ್ಟ ಊರು ಇವತ್ತು ಲೋಕಸಭೆಯ ಮಟ್ಟಿಗೆ ಹಾಸನದ್ದು. ಕಡೂರು ಬಯಲುಸೀಮೆ, ನಾವು ಮಲೆನಾಡು, ಹೊಂದುವುದಿಲ್ಲ ಅಂತ ಯಾರಾದರೂ ಹೇಳಬಹುದು. ಹಾಗಾದರೆ ಮಲ್ಪೆ ಬಂದರಿಗೂ ಮೂಡಿಗೆರೆ ಕಾಫಿ ತೋಟಕ್ಕೂ ಹೇಗೆ ಹೊಂದಿತು?

ನನ್ನ ಅನುಭವ ಒಂದು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ನಮ್ಮ ಕಡೆ ಅಡಿಕೆಗೆ ಎಲೆಚುಕ್ಕಿ ರೋಗ ಜೋರಾಯಿತು. ಸೋಗೆ ಎಲ್ಲ ಬೆಂಕಿ ತಾಗಿದ ಹಾಗೆ ಕಂದು ಬಣ್ಣ. ಮದ್ದು ಹೊಡೆದು ಹೊಡೆದು ಕೈ ಖಾಲಿ. ಪರಿಹಾರ ಕೇಳಿ ಅರ್ಜಿ ಬರೆದೆವು, ನಲವತ್ತೆರಡು ಜನರ ಸಹಿ. ಒಬ್ಬ ಜನಪ್ರತಿನಿಧಿಗೆ ಕೈಯಲ್ಲೇ ಕೊಡೋಣ ಅಂತ ಆಯಿತು. ಆ ವಾರ ಅವರು ಕರಾವಳಿಯಲ್ಲಿ ಇರುತ್ತಾರೆ ಅಂತ ಗೊತ್ತಾಯಿತು. ಜುಲೈ ತಿಂಗಳು. ನಾನೂ ಪಕ್ಕದ ಮನೆಯ ಹುಡುಗನೂ ಬೆಳಗಿನ ಬಸ್ಸು ಹತ್ತಿದೆವು. ಅರ್ಜಿ ನೆನೆಯಬಾರದು ಅಂತ ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ಕತ್ತರಿಸಿ ಸುತ್ತಿಕೊಂಡಿದ್ದೆ.

ಕೊಪ್ಪ, ಅಲ್ಲಿಂದ ಆಗುಂಬೆ. ಆಗುಂಬೆ ತೀರ್ಥಹಳ್ಳಿ ತಾಲ್ಲೂಕು, ಅದು ಶಿವಮೊಗ್ಗ ಲೋಕಸಭಾ ಕ್ಷೇತ್ರ. ನಮ್ಮ ಕ್ಷೇತ್ರದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಲು ಇನ್ನೊಬ್ಬರ ಕ್ಷೇತ್ರ ದಾಟಬೇಕು! ಕ್ಷೇತ್ರದ ಒಳಗೇ ಹೋಗುವ ದಾರಿ ಇಲ್ಲವೇ? ಇದೆ. ಕೆರೆಕಟ್ಟೆ, ಎಸ್.ಕೆ. ಬಾರ್ಡರ್ (ಹಳೆಯ ಸೌತ್ ಕೆನರಾ ಗಡಿ), ಮಾಳ ಮೇಲೆ ಕಾರ್ಕಳಕ್ಕೆ. ಅದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡು. ಮಳೆಗಾಲದಲ್ಲಿ ಎಲ್ಲಿ ಮರ ಬಿದ್ದಿರುತ್ತದೋ ದೇವರಿಗೇ ಗೊತ್ತು. ಮೂಡಿಗೆರೆಯವರಿಗೆ ಹತ್ತಿರದ್ದು ಚಾರ್ಮಾಡಿ ಘಾಟಿ. ಅದು ಇಳಿಯುವುದು ಬೆಳ್ತಂಗಡಿಗೆ, ಅದೀಗ ದಕ್ಷಿಣ ಕನ್ನಡ ಕ್ಷೇತ್ರ. 2019ರ ಮಳೆಯಲ್ಲಿ ಗುಡ್ಡ ಜರಿದು ಅದೂ ಬಂದ್ ಆಗಿತ್ತು. ತರೀಕೆರೆಯವರು ಉಡುಪಿಗೆ ಹೋಗಬೇಕಾದರೆ ಮೊದಲು ಶಿವಮೊಗ್ಗಕ್ಕೆ ಹೋಗುತ್ತಾರೆ.

ಆಗುಂಬೆಯ ಹದಿನಾಲ್ಕು ತಿರುವು ಇಳಿಯುವಷ್ಟರಲ್ಲಿ ಜೊತೆಗಿದ್ದ ಹುಡುಗ ಮೂರು ಸಲ ವಾಂತಿ ಮಾಡಿದ. ಕಚೇರಿ ತಲುಪಿದಾಗ ಊಟದ ಹೊತ್ತು ಮೀರಿತ್ತು. ಅವರು ಯಾವುದೋ ಕಾರ್ಯಕ್ರಮಕ್ಕೆ ಹೋಗಿದ್ದರು. ಅಲ್ಲಿದ್ದ ಹುಡುಗ ಮರ್ಯಾದೆಯಿಂದಲೇ ಮಾತಾಡಿಸಿದ, ಕುಡಿಯಲು ನೀರು ಕೊಟ್ಟ. ಅರ್ಜಿ ತೆಗೆದುಕೊಂಡು ಊರ ಹೆಸರು ಓದಿದ. "ಬಾಳೆಹೊನ್ನೂರು ನಮ್ಮ ಕ್ಷೇತ್ರಕ್ಕೇ ಬರುತ್ತದಾ?" ಅಂತ ಕೇಳಿದ.

ಅವನನ್ನು ಬೈಯಲು ಮನಸ್ಸು ಬರಲಿಲ್ಲ. ನನಗೂ ಕುಂದಾಪುರದ ಹಳ್ಳಿಗಳ ಹೆಸರು ಗೊತ್ತಿಲ್ಲವಲ್ಲ. ಮೀನುಗಾರರ ಡೀಸೆಲ್ ಸಬ್ಸಿಡಿ, ಕಡಲ್ಕೊರೆತ, ಬಂದರು ಹೂಳು ಅಂತ ಅಲ್ಲಿ ಗೋಡೆ ತುಂಬ ಫೈಲು. ಅವೆಲ್ಲ ನ್ಯಾಯವಾದ ಕಷ್ಟಗಳೇ. ಅದರ ಮೇಲೆ ನಮ್ಮ ಆನೆ ಕಾಟ, ಎಲೆಚುಕ್ಕಿ, ಕಾಫಿ ರೇಟು, ಪಶ್ಚಿಮ ಘಟ್ಟ ಉಳಿಸುವ ಬಗ್ಗೆ ಬಂದ ಕಸ್ತೂರಿರಂಗನ್ ವರದಿ. ಒಬ್ಬ ಮನುಷ್ಯ ಎಷ್ಟು ಅಂತ ಹೊರಬೇಕು? ರಾತ್ರಿ ಬಸ್ಸು ತಪ್ಪಿ, ಮಗಳ ಮನೆಯಲ್ಲಿ ಉಳಿದು ಮರುದಿನ ಬಂದೆವು. ಮಗಳ ಮನೆ ಅಲ್ಲಿ ಇಲ್ಲದವರು ಏನು ಮಾಡುತ್ತಾರೆ ಅಂತ ಆಗಾಗ ಯೋಚಿಸುತ್ತೇನೆ.

2009ರಿಂದ ಈ ಕ್ಷೇತ್ರದಿಂದ ಗೆದ್ದವರ ಪಟ್ಟಿ ನೋಡಿ. 2009ರಲ್ಲಿ ಡಿ.ವಿ. ಸದಾನಂದ ಗೌಡ. ಅವರು ಮುಖ್ಯಮಂತ್ರಿಯಾಗಿ ಹೋದ ಮೇಲೆ 2012ರ ಉಪಚುನಾವಣೆಯಲ್ಲಿ ಕೆ. ಜಯಪ್ರಕಾಶ್ ಹೆಗ್ಡೆ. 2014 ಮತ್ತು 2019ರಲ್ಲಿ ಶೋಭಾ ಕರಂದ್ಲಾಜೆ. 2024ರಲ್ಲಿ ಕೋಟ ಶ್ರೀನಿವಾಸ ಪೂಜಾರಿ. ಪಕ್ಷ ಬೇರೆ ಬೇರೆ ಇರಬಹುದು. ನಾಲ್ವರೂ ಕರಾವಳಿಯ ಎರಡು ಜಿಲ್ಲೆಗಳವರು. ಇವರ ಕೆಲಸದ ಬಗ್ಗೆ ನಾನು ಇಲ್ಲಿ ಚಕಾರ ಎತ್ತುವುದಿಲ್ಲ, ಅದು ಚುನಾವಣೆಯ ಮಾತು. ಹೊಸ ಗಡಿ ಬಂದ ಮೇಲೆ ನಮ್ಮ ಜಿಲ್ಲೆಯ ಒಬ್ಬರೂ ಇಲ್ಲಿಂದ ಲೋಕಸಭೆಗೆ ಹೋಗಿಲ್ಲ ಅನ್ನುವುದಷ್ಟೇ ನನ್ನ ಮಾತು.

ಇನ್ನೊಂದು ತಮಾಷೆ. ಇದಕ್ಕೂ ನಿಮಗೂ ಸಂಬಂಧ ಇಲ್ಲ, ಆದರೂ ಹೇಳುತ್ತೇನೆ. ಬೆಂಗಳೂರು ಉತ್ತರ ಕ್ಷೇತ್ರಕ್ಕೆ 2009ರಲ್ಲಿ ಗೆದ್ದವರು ನಮ್ಮ ಹಳೆಯ ಎಂ.ಪಿ. ಚಂದ್ರೇಗೌಡರು. 2014, 2019ರಲ್ಲಿ ನಮ್ಮ ಇನ್ನೊಬ್ಬ ಹಳೆಯ ಎಂ.ಪಿ. ಸದಾನಂದ ಗೌಡರು. 2024ರಲ್ಲಿ ಮತ್ತೊಬ್ಬ ಹಳೆಯ ಎಂ.ಪಿ. ಶೋಭಾ ಅವರು. ಹದಿನೈದು ವರ್ಷದಿಂದ ಬೆಂಗಳೂರು ಉತ್ತರಕ್ಕೆ ಎಂ.ಪಿ. ಸರಬರಾಜು ಮಾಡುತ್ತಿರುವವರು ನಾವೇ ಅಲ್ವಾ? ನಮ್ಮ ಹುಡುಗರೂ ಓದಿ ಅಲ್ಲಿಗೇ ಹೋಗುತ್ತಾರೆ.

ನನ್ನ ನಿಜವಾದ ಭಯ ಇರುವುದು ಇಲ್ಲೇ. 2001ರಲ್ಲಿ ನಮ್ಮ ಜಿಲ್ಲೆಯ ಜನಸಂಖ್ಯೆ 11 ಲಕ್ಷ 40 ಸಾವಿರ ಚಿಲ್ಲರೆ. 2011ರಲ್ಲಿ 11 ಲಕ್ಷ 37 ಸಾವಿರ ಚಿಲ್ಲರೆ. ಹತ್ತು ವರ್ಷದಲ್ಲಿ ಜಾಸ್ತಿ ಆಗಲಿಲ್ಲ, ಇಳಿಯಿತು. ನಮ್ಮ ಊರಿನ ಶಾಲೆಯಲ್ಲಿ ನಾನು ಓದುವಾಗ ತರಗತಿಗೆ ಮೂವತ್ತು ಮಕ್ಕಳಿದ್ದೆವು. ಈಗ ಇಡೀ ಶಾಲೆಗೆ ಅಷ್ಟಿಲ್ಲ. ಅದೇ ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ ಈಗ 28 ವಿಧಾನಸಭಾ ಕ್ಷೇತ್ರಗಳಿವೆ. ಬರುವ ಜನಗಣತಿಯ ಲೆಕ್ಕ ಹಿಡಿದು ನೀವು ಕೂತರೆ, ನಮ್ಮ ಐದು ನಾಲ್ಕಾಗಬಹುದು. ಬೀರೂರು ಹೋದ ಹಾಗೆ ಇನ್ನೊಂದು ಹೆಸರು ಹೋಗಬಹುದು. ಆ ನಾಲ್ಕನ್ನೂ ಎರಡು ಮೂರು ಲೋಕಸಭಾ ಕ್ಷೇತ್ರಕ್ಕೆ ಹಂಚಿಬಿಟ್ಟರೆ, ಎಲ್ಲ ಕಡೆಯೂ ನಾವು ಬಾಲವೇ.

ಲೆಕ್ಕದ ಕಷ್ಟ ನನಗೆ ಅರ್ಥವಾಗುತ್ತದೆ. 2001ರಲ್ಲಿ ರಾಜ್ಯದ ಜನ 5.28 ಕೋಟಿ, ಎಂ.ಪಿ.ಗಳು 28. ಒಬ್ಬರಿಗೆ ಹತ್ತಿರ ಹತ್ತಿರ 19 ಲಕ್ಷ. ನಮ್ಮ ಜಿಲ್ಲೆಯೂ ಸಾಲದು, ಉಡುಪಿಯೂ ಸಾಲದು. ಎರಡನ್ನೂ ಪೂರ್ತಿ ಸೇರಿಸಿದರೆ ಜಾಸ್ತಿಯಾಗುತ್ತದೆ. ಹಾಗಾಗಿ ಎರಡನ್ನೂ ಕತ್ತರಿಸಿ ಜೋಡಿಸಿದರು. ಆದರೆ ಕತ್ತರಿ ಹಾಕಲು ಬೇರೆ ಜಾಗ ಇರಲಿಲ್ಲವೇ? 2002ರ ಕ್ಷೇತ್ರ ಮರುವಿಂಗಡಣೆ ಕಾಯ್ದೆಯ 9ನೇ ಕಲಂ ಜನಸಂಖ್ಯೆಯನ್ನು ಮಾತ್ರ ಹೇಳುವುದಿಲ್ಲ. ಕ್ಷೇತ್ರ ಸಾಧ್ಯವಾದಷ್ಟು ಒಟ್ಟಾಗಿರಬೇಕು, ಬೆಟ್ಟ ನದಿಯಂಥ ನೆಲದ ಲಕ್ಷಣ, ಈಗಿರುವ ಆಡಳಿತದ ಗಡಿ, ಸಂಪರ್ಕದ ಸೌಲಭ್ಯ, ಜನರ ಅನುಕೂಲ ಇವನ್ನೂ ನೋಡಬೇಕು ಅನ್ನುತ್ತದೆ. ಪಶ್ಚಿಮ ಘಟ್ಟಕ್ಕಿಂತ ದೊಡ್ಡ 'ನೆಲದ ಲಕ್ಷಣ' ನಮ್ಮ ರಾಜ್ಯದಲ್ಲಿ ಇನ್ಯಾವುದಿದೆ?

ನಾನೂ ಕಾಗದ ಪೆನ್ಸಿಲ್ ಹಿಡಿದು ಕೂತು ನೋಡಿದೆ. ನಮ್ಮ ಐದು. ಅದಕ್ಕೆ ಕೊಪ್ಪಕ್ಕೆ ಅಂಟಿಕೊಂಡಿರುವ ತೀರ್ಥಹಳ್ಳಿ. ಆಮೇಲೆ ನಮ್ಮ ಹಾಗೇ ಕಾಫಿ ಬೆಳೆಯುವ, ನಮ್ಮದೇ ಆನೆಗಳು ಓಡಾಡುವ ಬೇಲೂರು, ಸಕಲೇಶಪುರ. ಎಂಟಾಯಿತು. ಘಟ್ಟ ಇಳಿಯುವ ಕೆಲಸವೇ ಇಲ್ಲ. ಹೀಗೇ ಮಾಡಿ ಅಂತ ಹೇಳುವುದಿಲ್ಲ. ಹಾಸನದವರು, ಶಿವಮೊಗ್ಗದವರು ನನ್ನನ್ನು ಬೈಯಬಹುದು, ಅವರ ಲೆಕ್ಕವೂ ಸರಿಹೋಗಬೇಕಲ್ಲ. ಮುಂದೆ ಸೀಟುಗಳ ಸಂಖ್ಯೆಯೇ ಬದಲಾದರೆ ಎಂಟರ ಲೆಕ್ಕವೂ ಬದಲಾಗಬಹುದು. ಬೇರೆ ದಾರಿ ಹುಡುಕಿದರೆ ಸಿಗುತ್ತದೆ ಅನ್ನುವುದಕ್ಕೆ ಹೇಳಿದೆ.

ನಿಮ್ಮಲ್ಲಿ ನಾನು ಕೇಳಿಕೊಳ್ಳುವುದು ಇಷ್ಟು. ಮೊದಲನೆಯದಾಗಿ, ಒಂದು ಜಿಲ್ಲೆಯನ್ನು ತುಂಡು ಮಾಡಲೇಬೇಕಾದರೆ ಅದಕ್ಕೆ ಕಾರಣ ಏನು ಅಂತ ಕರಡಿನಲ್ಲಿ ಬರೆಯಿರಿ. ಕಡೂರನ್ನು ಯಾಕೆ ತೆಗೆದರು ಅನ್ನುವುದಕ್ಕೆ ನಮಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ. ಸಾಧ್ಯವಾದರೆ ಕಡೂರನ್ನು ನಮಗೆ ವಾಪಸ್ ಕೊಡಿ. ಬೈಂದೂರನ್ನು ಉಡುಪಿಗೆ ಕೊಡಿ.

ದೂರವನ್ನು ನಕ್ಷೆಯಲ್ಲಿ ಸ್ಕೇಲ್ ಇಟ್ಟು ಅಳೆಯಬೇಡಿ. ಬಸ್ಸಿನ ಗಂಟೆಯಲ್ಲಿ ಅಳೆಯಿರಿ, ಅದೂ ಮಳೆಗಾಲದ ಬಸ್ಸು. ಘಾಟಿ ರಸ್ತೆ ಬಂದ್ ಆದ ದಿನಗಳ ಲೆಕ್ಕ ಆಯಾ ಜಿಲ್ಲಾಡಳಿತದ ಹತ್ತಿರ ಇರುತ್ತದೆ. ತರಿಸಿ ನೋಡಿ.

ಕರಡು ಕನ್ನಡದಲ್ಲಿ ಬರಲಿ. ಹಳ್ಳಿಗಳ ಹೆಸರು, ನಕ್ಷೆ ಸಮೇತ ಪ್ರತಿ ಗ್ರಾಮ ಪಂಚಾಯಿತಿಯ ನೋಟಿಸ್ ಬೋರ್ಡಿನಲ್ಲಿ ಹಾಕಿಸಿ. ಆಕ್ಷೇಪಣೆಗೆ ಕೊಡುವ ಸಮಯ ಕಾಫಿ ಕುಯ್ಲು, ಅಡಿಕೆ ಕೊಯ್ಲಿನ ತಿಂಗಳಲ್ಲಿ ಬೀಳದ ಹಾಗೆ ನೋಡಿಕೊಳ್ಳಿ. ಆಗ ನಮಗೆ ತಲೆ ಕೆರೆದುಕೊಳ್ಳಲೂ ಪುರಸೊತ್ತು ಇರುವುದಿಲ್ಲ. ರಾಜ್ಯದ ಕೆಲವು ಎಂ.ಪಿ., ಎಂ.ಎಲ್.ಎ.ಗಳು ಆಯೋಗದ ಸಹ ಸದಸ್ಯರಾಗಿ ಕೂರುತ್ತಾರೆ ಅಂತ ಓದಿದ್ದೇನೆ. ಅವರಿಗೆ ಅಲ್ಲಿ ಮತ ಇಲ್ಲ, ಮಾತು ಮಾತ್ರ. ಆ ಪಟ್ಟಿಯಲ್ಲಿ ಮಲೆನಾಡಿನವರು ಒಬ್ಬರಾದರೂ ಇದ್ದಾರಾ ಅಂತ ದಯವಿಟ್ಟು ನೋಡಿ.

ಕೊನೆಯದು, ಅಹವಾಲು ಕೇಳುವ ಸಭೆಯನ್ನು ಬೆಂಗಳೂರಿನಲ್ಲಿ ಮಾತ್ರ ಮಾಡಬೇಡಿ. ಒಂದು ದಿನ ಚಿಕ್ಕಮಗಳೂರಿನಲ್ಲಿ, ಇನ್ನೊಂದು ದಿನ ಉಡುಪಿಯಲ್ಲಿ ಕೂತು ಕೇಳಿ. ಒಮ್ಮೆ ನಿಮ್ಮ ಆದೇಶ ಹೊರಬಿದ್ದರೆ ಅದಕ್ಕೆ ಕಾನೂನಿನ ಬಲ. ಲೋಕಸಭೆಯೂ ಅದನ್ನು ತಿದ್ದುವಂತಿಲ್ಲ. ನಾವು ಮಾತಾಡುವುದಿದ್ದರೆ ಅದಕ್ಕೆ ಮುಂಚೆಯೇ ಮಾತಾಡಬೇಕು.

ಜುಲೈನಲ್ಲಿ ಬರುವುದಾದರೆ ಎರಡೂ ಸಭೆಗಳ ನಡುವೆ ಘಟ್ಟವನ್ನು ಬಸ್ಸಿನಲ್ಲೇ ಇಳಿಯಿರಿ ಅಂತ ಕೇಳಿಕೊಳ್ಳುತ್ತೇನೆ. ಆಗುಂಬೆ ಮೇಲೆ ಹೋಗುವುದೋ, ಎಸ್.ಕೆ. ಬಾರ್ಡರ್ ಮೇಲೆ ಹೋಗುವುದೋ, ಆ ದಿನ ಯಾವುದು ತೆರೆದಿದೆ ಅಂತ ಕೊಪ್ಪ ಬಸ್ ಸ್ಟ್ಯಾಂಡಿನಲ್ಲಿ ಕೇಳಿದರೆ ಹೇಳುತ್ತಾರೆ. ವಾಂತಿ ಬರುವವರು ಇದ್ದರೆ ಒಂದು ನಿಂಬೆಹಣ್ಣು ಇಟ್ಟುಕೊಳ್ಳಿ.

ಇಂತಿ ನಿಮ್ಮ ವಿಶ್ವಾಸಿ,
ಬಾಳೆಹೊನ್ನೂರು ಕಡೆಯ ಒಬ್ಬ ಮತದಾರ